ಮೆಣಸು ಬೆಳೆದದ್ದು ಎಲ್ಲಿ? ಮುಕ್ತ ವ್ಯಾಪಾರ ಒಪ್ಪಂದಗಳ ಮೂಲದ ನಿಯಮಗಳು

ಹೊರದೇಶದಿಂದ ಒಂದು ಕ್ವಿಂಟಲ್ ಕಾಳುಮೆಣಸು ಭಾರತದ ಬಂದರಿಗೆ ಬಂದಿಳಿಯಿತೆಂದು ಭಾವಿಸಿರಿ. ಅದರ ಬೆಲೆ 50,000 ರೂಪಾಯಿ. ಒಪ್ಪಂದದ ರಿಯಾಯಿತಿ ಇಲ್ಲದ ದೇಶದಿಂದ ಬಂದ ಮಾಲಾದರೆ ಅದರ ಮೇಲೆ ನೂರಕ್ಕೆ 70ರಂತೆ 35,000 ರೂಪಾಯಿ ಮೂಲ ಸುಂಕ ಬೀಳುತ್ತದೆ. ವಿಯಟ್ನಾಂ ಮೆಣಸಾದರೆ ಆಸಿಯಾನ್ ಒಪ್ಪಂದದ ಪ್ರಕಾರ ನೂರಕ್ಕೆ 50, ಅಂದರೆ 25,000 ರೂಪಾಯಿ. ಶ್ರೀಲಂಕಾದ ಮೆಣಸಾದರೆ ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ ಒಪ್ಪಂದದಂತೆ ನೂರಕ್ಕೆ 8, ಅಂದರೆ 4,000 ರೂಪಾಯಿ. ಅದೇ ಶ್ರೀಲಂಕಾದ ಮೆಣಸು ವರ್ಷಕ್ಕೆ 2,500 ಟನ್ನಿನ ಮಿತಿಯೊಳಗೆ ಬಂದರೆ ಭಾರತ-ಶ್ರೀಲಂಕಾ ಒಪ್ಪಂದದಂತೆ ಮೂಲ ಸುಂಕವೇ ಇಲ್ಲ.

ಚೀಲ ಒಂದೇ, ಕಾಳೂ ಮೇಲ್ನೋಟಕ್ಕೆ ಒಂದೇ. ಸುಂಕ ಮಾತ್ರ 35,000 ರೂಪಾಯಿಯಿಂದ ಸೊನ್ನೆಯವರೆಗೆ ಬದಲಾಗುತ್ತದೆ. ಈ ವ್ಯತ್ಯಾಸವನ್ನು ನಿರ್ಧರಿಸುವುದು ಚೀಲದೊಡನೆ ಬರುವ ಒಂದು ಕಾಗದ. ಈ ಮೆಣಸು ಯಾವ ದೇಶದ ನೆಲದಲ್ಲಿ ಬೆಳೆದದ್ದು ಎಂಬುದನ್ನು ಆ ಕಾಗದ ಹೇಳುತ್ತದೆ. ಅದು ನಿಜವೋ ಸುಳ್ಳೋ ಎಂದು ತೀರ್ಮಾನಿಸುವ ಕ್ರಮಕ್ಕೆ ಮೂಲದ ನಿಯಮಗಳೆಂದು ಹೆಸರು. ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಮೆಣಸು ಬೆಳೆಗಾರರಿಗೂ ಮಲೆನಾಡು, ಕರಾವಳಿಯ ಅಡಿಕೆ ಬೆಳೆಗಾರರಿಗೂ ಈ ನಿಯಮಗಳು ದೂರದ ವಿಷಯವೆಂದು ತೋರಬಹುದು. ಆದರೆ ಮಂಡಿಯ ಧಾರಣೆಗೂ ಇವುಗಳಿಗೂ ನೇರ ಸಂಬಂಧವಿದೆ. 2020ರಲ್ಲಿ ಒಮ್ಮೆ, 2025ರಲ್ಲಿ ಮತ್ತೊಮ್ಮೆ ಭಾರತ ಸರ್ಕಾರ ಈ ನಿಯಮಗಳ ಜಾರಿಯ ಕ್ರಮವನ್ನು ಬದಲಾಯಿಸಿದೆ. ಆ ಬದಲಾವಣೆಗಳು ಏನು, ಏಕೆ ಬಂದವು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹಡಗು ಹೊರಟ ದೇಶ ಬೇರೆ, ಮೂಲ ದೇಶ ಬೇರೆ

ಸಾಮಾನ್ಯವಾಗಿ ಮಾಲು ಯಾವ ಬಂದರಿನಿಂದ ಹೊರಟಿತೋ ಆ ದೇಶದ್ದೇ ಎಂದು ಜನ ತಿಳಿಯುತ್ತಾರೆ. ಕಾನೂನು ಹಾಗೆ ಎಣಿಸುವುದಿಲ್ಲ. ಕೊಲಂಬೊದಿಂದ ಹೊರಟ ಮೆಣಸು ಶ್ರೀಲಂಕಾದ್ದೆನಿಸಬೇಕಾದರೆ ಅದು ಅಲ್ಲಿಯ ಬಳ್ಳಿಯಲ್ಲಿ ಕಾಯಿಬಿಟ್ಟು ಅಲ್ಲಿಯೇ ಕೊಯ್ಲಾಗಿರಬೇಕು. ಒಂದು ದೇಶದ ನೆಲದಲ್ಲೇ ಬೆಳೆದು ಕೊಯ್ದ ಸಸ್ಯೋತ್ಪನ್ನವನ್ನು 'ಪೂರ್ಣವಾಗಿ ಅಲ್ಲಿಯೇ ದೊರೆತದ್ದು' ಎಂದು ಒಪ್ಪಂದಗಳು ಕರೆಯುತ್ತವೆ. ಕೃಷಿ ಉತ್ಪನ್ನಗಳ ಮಟ್ಟಿಗೆ ಇದೇ ಮುಖ್ಯ ನಿಯಮ.

ಬೇರೆ ದೇಶದಿಂದ ತಂದ ಮೆಣಸನ್ನು ಬಿಸಿಲಿಗೆ ಹರಡಿ ಒಣಗಿಸಿದರೆ, ಜರಡಿ ಹಿಡಿದರೆ, ತೊಳೆದರೆ, ಗಾತ್ರಕ್ಕೆ ತಕ್ಕಂತೆ ವಿಂಗಡಿಸಿದರೆ ಅಥವಾ ಹೊಸ ಚೀಲಕ್ಕೆ ತುಂಬಿ ಹೊಸ ಗುರುತು ಹಾಕಿದರೆ ಅದರ ಮೂಲ ಬದಲಾಗುವುದಿಲ್ಲ. ಇಂಥ ಕೆಲಸಗಳನ್ನು ಅಲ್ಪ ಸಂಸ್ಕರಣೆಗಳೆಂದು ಪಟ್ಟಿಮಾಡಿ ಲೆಕ್ಕದಿಂದ ಹೊರಗಿಡಲಾಗಿದೆ. ಸಕಲೇಶಪುರದ ಮೆಣಸನ್ನು ಬೆಂಗಳೂರಿನಲ್ಲಿ ಚೀಲಕ್ಕೆ ತುಂಬಿದ ಮಾತ್ರಕ್ಕೆ ಅದು ಬೆಂಗಳೂರಿನಲ್ಲಿ ಬೆಳೆದಂತಾಗದಷ್ಟೆ.

ಇದರೊಡನೆ ನೇರ ಸಾಗಣೆಯ ನಿಯಮವೂ ಉಂಟು. ಮಾಲು ದಾರಿಯಲ್ಲಿ ಬೇರೆ ಬಂದರಿನಲ್ಲಿ ಇಳಿದು ಹಡಗು ಬದಲಾಯಿಸಬಹುದು. ಅಲ್ಲಿ ಅದು ಮಾರಾಟವಾಗಿ ಆ ದೇಶದ ಬಳಕೆಗೆ ಹೋಗಿರಬಾರದು. ಇಳಿಸುವುದು, ಏರಿಸುವುದು, ಕೆಡದಂತೆ ಕಾಪಾಡುವುದು ಇವಿಷ್ಟಕ್ಕಿಂತ ಹೆಚ್ಚಿನ ಕೆಲಸ ಅಲ್ಲಿ ನಡೆದಿರಲೂಬಾರದು.

ಪುಡಿಯಾದರೆ ಲೆಕ್ಕ ಬೇರೆ

ಇಡೀ ಕಾಳಿನ ಮಟ್ಟಿಗೆ ನಿಯಮ ಸರಳ. ತೊಡಕು ಆರಂಭವಾಗುವುದು ಹೊರಗಿನ ಕಚ್ಚಾಮಾಲು ತಂದು ಬೇರೆ ಪದಾರ್ಥ ಮಾಡಿದಾಗ. ಆಗ ಎರಡು ಪರೀಕ್ಷೆಗಳನ್ನು ಒಡ್ಡುತ್ತಾರೆ.

ಮೊದಲನೆಯದು ಶೀರ್ಷಿಕೆ ಬದಲಾವಣೆಯ ಪರೀಕ್ಷೆ. ಜಗತ್ತಿನ ಎಲ್ಲ ವ್ಯಾಪಾರದ ಸರಕುಗಳಿಗೂ ಸಂಖ್ಯೆ ಕೊಟ್ಟ ಒಂದು ಪಟ್ಟಿ ಇದೆ. ಮೊದಲ ನಾಲ್ಕು ಅಂಕಿಗಳಿಗೆ ಶೀರ್ಷಿಕೆ ಎಂದೂ ಆರು ಅಂಕಿಗಳಿಗೆ ಉಪಶೀರ್ಷಿಕೆ ಎಂದೂ ಹೇಳಬಹುದು. ಮೆಣಸು 0904ರ ಶೀರ್ಷಿಕೆಗೆ ಸೇರಿದೆ. ಅದರೊಳಗೆ ಇಡೀ ಕಾಳು 0904.11, ಕುಟ್ಟಿದ್ದು ಅಥವಾ ಪುಡಿಮಾಡಿದ್ದು 0904.12. ತಂದ ಕಚ್ಚಾಮಾಲಿನ ಸಂಖ್ಯೆಗಿಂತ ತಯಾರಾದ ಮಾಲಿನ ಸಂಖ್ಯೆ ಬೇರೆಯಾಗಿರಬೇಕೆಂಬುದು ಈ ಪರೀಕ್ಷೆಯ ತಿರುಳು.

ಎರಡನೆಯದು ಮೌಲ್ಯವರ್ಧನೆಯ ಪರೀಕ್ಷೆ. ಸಿದ್ಧವಾದ ಮಾಲನ್ನು ಹಡಗಿಗೇರಿಸುವ ಬೆಲೆಯಲ್ಲಿ ಇಂತಿಷ್ಟು ಪಾಲು ಆ ದೇಶದಲ್ಲೇ ಸೇರಿರಬೇಕು. ಆಸಿಯಾನ್ ಒಪ್ಪಂದದಲ್ಲೂ ಶ್ರೀಲಂಕಾ ಒಪ್ಪಂದದಲ್ಲೂ ಸಾಮಾನ್ಯವಾಗಿ ಇದು ನೂರಕ್ಕೆ 35.

ಎರಡು ಒಪ್ಪಂದಗಳಿಗೂ ಇಲ್ಲಿ ಒಂದು ಸೂಕ್ಷ್ಮ ವ್ಯತ್ಯಾಸವಿದೆ. 2000ದ ಮಾರ್ಚಿಯಲ್ಲಿ ಜಾರಿಗೆ ಬಂದ ಶ್ರೀಲಂಕಾ ಒಪ್ಪಂದ ನಾಲ್ಕು ಅಂಕಿಯ ಮಟ್ಟದಲ್ಲಿ ಬದಲಾವಣೆ ಕೇಳುತ್ತದೆ. 2010ರ ಜನವರಿಯಿಂದ ಜಾರಿಗೆ ಬಂದ ಆಸಿಯಾನ್ ಒಪ್ಪಂದ ಆರು ಅಂಕಿಯ ಮಟ್ಟದಲ್ಲಿ ಕೇಳುತ್ತದೆ. ಹೊರಗಿನ ಮೆಣಸನ್ನು ತಂದು ಪುಡಿ ಮಾಡಿದರೆ 0904.11 ಹೋಗಿ 0904.12 ಆಗುತ್ತದೆ. ಆಸಿಯಾನ್ ದೇಶದಲ್ಲಿ ಇದು ಶೀರ್ಷಿಕೆಯ ಪರೀಕ್ಷೆಯನ್ನು ದಾಟುತ್ತದೆ. ಮೌಲ್ಯದ ಪರೀಕ್ಷೆ ಮಾತ್ರ ಉಳಿಯುತ್ತದೆ. ಶ್ರೀಲಂಕಾದಲ್ಲಾದರೆ ಕಾಳೂ ಪುಡಿಯೂ 0904ರಲ್ಲೇ ಇರುವುದರಿಂದ ಮೊದಲ ಪರೀಕ್ಷೆಯಲ್ಲೇ ಬೀಳುತ್ತದೆ. ಒಪ್ಪಂದದ ಕರಡಿನಲ್ಲಿ ಒಂದು ಸಾಲಿನ ವ್ಯತ್ಯಾಸವಿದು. ಆದರೆ ಒಂದು ಕಡೆ ಬಾಗಿಲು ಅರ್ಧ ತೆರೆದಿದೆ, ಇನ್ನೊಂದು ಕಡೆ ಮುಚ್ಚಿದೆ.

ವನಸ್ಪತಿಯ ಪಾಠ

ನಿಯಮದ ಅಕ್ಷರ ಪಾಲಿಸಿ ಆಶಯ ಮುರಿಯಲು ಸಾಧ್ಯವೆಂಬುದಕ್ಕೆ ಹಳೆಯ ಉದಾಹರಣೆ ವನಸ್ಪತಿ. ಶ್ರೀಲಂಕಾ ಒಪ್ಪಂದ ಜಾರಿಗೆ ಬಂದ ಕೆಲವೇ ವರ್ಷಗಳಲ್ಲಿ ಅಲ್ಲಿ ವನಸ್ಪತಿ ಕಾರ್ಖಾನೆಗಳು ತಲೆಯೆತ್ತಿದವು. ಅವುಗಳಿಗೆ ಬೇಕಾದ ತಾಳೆಎಣ್ಣೆ ಶ್ರೀಲಂಕಾದ್ದಲ್ಲ, ಆಗ್ನೇಯ ಏಷ್ಯಾದ್ದು. ಭಾರತದಲ್ಲಿ ತಾಳೆಎಣ್ಣೆಯ ಮೇಲೆ ಭಾರಿ ಸುಂಕವಿತ್ತು, ಶ್ರೀಲಂಕಾದಲ್ಲಿ ಕಡಿಮೆ. ತಾಳೆಎಣ್ಣೆಯ ಶೀರ್ಷಿಕೆ 1511, ವನಸ್ಪತಿಯದು 1516. ಶೀರ್ಷಿಕೆ ಬದಲಾಯಿತು, ಮೌಲ್ಯದ ಲೆಕ್ಕವನ್ನೂ ತೋರಿಸಲಾಯಿತು, ಸುಂಕವಿಲ್ಲದೆ ವನಸ್ಪತಿ ಭಾರತಕ್ಕೆ ಹರಿದು ಬಂತು. ಕೊನೆಗೆ 2006ರ ಸುಮಾರಿಗೆ ವರ್ಷಕ್ಕೆ ಎರಡೂವರೆ ಲಕ್ಷ ಟನ್ನಿನ ಮಿತಿ ಹೇರಬೇಕಾಯಿತು. ಶೇಂಗಾ, ಸೂರ್ಯಕಾಂತಿ ಬೆಳೆಯುವವರ ಹಿತ ಕಾಯಬೇಕಿದ್ದ ಸುಂಕದ ಗೋಡೆಯನ್ನು ಪಕ್ಕದ ಬಾಗಿಲಿನಿಂದ ದಾಟಿದಂತಾಗಿತ್ತು.

ಮೆಣಸಿನ ಬೆಲೆ ಕುಸಿದ ವರ್ಷಗಳು

2016ರ ಸುಮಾರಿಗೆ ಕೆ.ಜಿ.ಗೆ 700 ರೂಪಾಯಿಯ ಹತ್ತಿರ ಇದ್ದ ಮೆಣಸಿನ ಧಾರಣೆ 2019ರ ಹೊತ್ತಿಗೆ ಅರ್ಧಕ್ಕೆ ಇಳಿದದ್ದನ್ನು ಬೆಳೆಗಾರರು ಮರೆತಿಲ್ಲ. ವಿಯಟ್ನಾಂನಲ್ಲಿ ಇಳುವರಿ ಹೆಚ್ಚಿ ಜಗತ್ತಿನ ಬೆಲೆಯೇ ಬಿದ್ದದ್ದು ಇದಕ್ಕೆ ದೊಡ್ಡ ಕಾರಣ. ಅದನ್ನು ಯಾವ ನಿಯಮವೂ ತಡೆಯಲಾರದು. ಆದರೆ ಇನ್ನೊಂದು ಕಾರಣವೂ ಇತ್ತು. ನೂರಕ್ಕೆ 50ಕ್ಕಿಂತ ಹೆಚ್ಚು ಸುಂಕ ತೆರಬೇಕಾಗಿದ್ದ ವಿಯಟ್ನಾಂ ಮೆಣಸು ಶ್ರೀಲಂಕಾದ ಹೆಸರು ಹೊತ್ತು ಅಲ್ಪ ಸುಂಕದಲ್ಲಿ ಬರುತ್ತಿದೆಯೆಂದು ಬೆಳೆಗಾರರ ಸಂಘಗಳು ಮತ್ತೆ ಮತ್ತೆ ದೂರಿದವು.

ಮೆಣಸನ್ನು ಬಲ್ಲವರಿಗೆ ಈ ಎರಡು ದೇಶಗಳ ಕಾಳು ಒಂದೇ ಅಲ್ಲ. ಶ್ರೀಲಂಕಾದ ಮೆಣಸಿಗೆ ಖಾರದ ಅಂಶವಾದ ಪೈಪರಿನ್ ಹೆಚ್ಚು. ಮೆಣಸಿನ ಸತ್ತ್ವ ತೆಗೆಯುವ ಕಾರ್ಖಾನೆಗಳು ಅದನ್ನು ಬಯಸಿ ಕೊಳ್ಳುತ್ತವೆ. ನೆಲದ ಗುಣ ಕಾಳಿನಲ್ಲಿ ಉಳಿಯುವುದರಿಂದ ಮೂಲಧಾತುಗಳನ್ನೂ ಸಮಸ್ಥಾನಿಗಳನ್ನೂ ಅಳೆದು ಬೆಳೆದ ಪ್ರದೇಶವನ್ನು ಊಹಿಸುವ ಪ್ರಯೋಗಶಾಲಾ ವಿಧಾನಗಳೂ ಇವೆ. ಹಾಗಿದ್ದರೂ ಎರಡು ದೇಶದ ಕಾಳುಗಳನ್ನು ಒಂದೇ ರಾಶಿಯಲ್ಲಿ ಕಲಸಿದ ಮೇಲೆ ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ಬಂದರಿನ ಅಧಿಕಾರಿಗೆ ಕೊನೆಗೂ ಆಧಾರ ಕಾಗದವೇ.

ಸರ್ಕಾರ ಮೊದಲು ಕೈಹಾಕಿದ್ದು ಬೆಲೆಗೆ. 2017ರ ಡಿಸೆಂಬರಿನಲ್ಲಿ ಮೆಣಸಿಗೆ ಕೆ.ಜಿ.ಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಗೊತ್ತುಮಾಡಲಾಯಿತು. 2018ರ ಮಾರ್ಚಿಯಲ್ಲಿ ಅದಕ್ಕಿಂತ ಕಡಿಮೆ ಬೆಲೆಯ ಆಮದನ್ನು ನಿಷೇಧಿಸಲಾಯಿತು. ಸಂಸ್ಕರಿಸಿ ಮತ್ತೆ ರಫ್ತು ಮಾಡುವವರಿಗೆ ಮಾತ್ರ ವಿನಾಯಿತಿ ಇತ್ತು. 2019ರ ಕೊನೆಯಲ್ಲಿ ಶ್ರೀಲಂಕಾ ಸರ್ಕಾರವೂ ಮರುರಫ್ತಿಗಾಗಿ ಮೆಣಸು ಮೊದಲಾದವನ್ನು ತರಿಸುವುದನ್ನು ತಡೆಯಿತು. ಅಲ್ಲಿಯ ಬೆಳೆಗಾರರಿಗೂ ಈ ವ್ಯಾಪಾರದಿಂದ ಪೆಟ್ಟು ಬೀಳುತ್ತಿತ್ತೆಂಬುದನ್ನು ಮರೆಯಬಾರದು. ತಮ್ಮ ದೇಶದ ಹೆಸರಿಗೆ ಸಿಗುವ ಬೆಲೆಯನ್ನು ಹೊರಗಿನ ಕಾಳು ತಿನ್ನುತ್ತಿತ್ತು.

ಕನಿಷ್ಠ ಬೆಲೆಯ ಕ್ರಮ ಅವಶ್ಯವಾಗಿತ್ತು, ಆದರೆ ಅದೊಂದೇ ಸಾಲದು. 300 ರೂಪಾಯಿಯ ಮಾಲಿಗೆ 500 ರೂಪಾಯಿಯ ಬಿಲ್ಲು ಮಾಡಿದರೆ ಬೆಲೆಯ ಮಿತಿ ದಾಟಿದಂತಾಯಿತು. ಇನ್ನೂ ಒಂದು ವಿಚಿತ್ರವಿದೆ. ಕಚ್ಚಾಮಾಲಿಗೆ 300 ರೂಪಾಯಿ, ಬಿಲ್ಲಿನಲ್ಲಿ 500 ಎಂದಾದರೆ ಉಳಿದ 200 ರೂಪಾಯಿ ಆ ದೇಶದಲ್ಲಿ ಸೇರಿದ ಮೌಲ್ಯವೆಂದು ತೋರುತ್ತದೆ, ಅಂದರೆ ನೂರಕ್ಕೆ 40. ಬೆಲೆ ಏರಿಸಿ ಬರೆದ ಕಾಗದ ನೂರಕ್ಕೆ 35ರ ಪರೀಕ್ಷೆಯನ್ನೂ ಸುಲಭವಾಗಿ ಗೆಲ್ಲುತ್ತದೆ. ಇಡೀ ಕಾಳಿಗೆ ಈ ಲೆಕ್ಕ ಅನ್ವಯಿಸದು, ಅದು ಬೆಳೆದಲ್ಲಿಯದೇ ಆಗಬೇಕು. ಸಂಸ್ಕರಿಸಿದ ಮಾಲಿನಲ್ಲಿ ಮಾತ್ರ ಈ ಕೈಚಳಕಕ್ಕೆ ಎಡೆಯಿದೆ. ಮೂಲದ ನಿಯಮವನ್ನೇ ಬಿಗಿಗೊಳಿಸದೆ ಗತ್ಯಂತರವಿರಲಿಲ್ಲ.

2020ರ ಬದಲಾವಣೆ

ಅದುವರೆಗೆ ಇದ್ದ ಪದ್ಧತಿ ಹೀಗಿತ್ತು. ರಫ್ತು ಮಾಡುವ ದೇಶದ ಅಧಿಕಾರಿಗಳು ಮೂಲ ಪ್ರಮಾಣಪತ್ರ ಕೊಡುತ್ತಿದ್ದರು. ಆಮದುದಾರ ಅದನ್ನು ಬಂದರಿನಲ್ಲಿ ತೋರಿಸಿ ರಿಯಾಯಿತಿ ಪಡೆಯುತ್ತಿದ್ದ. ಸಂಶಯ ಬಂದರೆ ಇಲ್ಲಿಯ ಇಲಾಖೆ ಅಲ್ಲಿಯ ಇಲಾಖೆಗೆ ಬರೆದು ಕೇಳಬೇಕು. ಉತ್ತರ ಬರುವ ಹೊತ್ತಿಗೆ ಮಾಲು ಮಾರಾಟವಾಗಿ ಹೋಗಿರುತ್ತಿತ್ತು. ಸುಳ್ಳೆಂದು ತಿಳಿದರೂ ಆಮದುದಾರ 'ಪತ್ರ ಕೊಟ್ಟವರು ಅವರು, ನನಗೇನು ಗೊತ್ತು' ಎನ್ನಬಹುದಿತ್ತು.

2020ರ ಹಣಕಾಸು ಕಾಯಿದೆಯ ಮೂಲಕ 1962ರ ಕಸ್ಟಮ್ಸ್ ಕಾಯಿದೆಗೆ 28ಡಿಎ ಎಂಬ ಹೊಸ ಕಲಮು ಸೇರಿತು. ಅದರಡಿಯ ನಿಯಮಗಳು 2020ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದವು. ಕ್ಯಾರೋಟಾರ್ ಎಂಬ ಚಿಕ್ಕ ಹೆಸರಿನಿಂದ ಇವು ವ್ಯಾಪಾರ ವಲಯದಲ್ಲಿ ಪರಿಚಿತವಾಗಿವೆ. ಇವುಗಳ ಮುಖ್ಯಾಂಶ ಒಂದೇ: ಪ್ರಮಾಣಪತ್ರ ತೋರಿಸಿದ ಮಾತ್ರಕ್ಕೆ ಆಮದುದಾರನ ಹೊಣೆ ತೀರುವುದಿಲ್ಲ.

ಮಾಲು ಎಲ್ಲಿ, ಹೇಗೆ ಉತ್ಪತ್ತಿಯಾಯಿತು, ಪೂರ್ಣವಾಗಿ ಅಲ್ಲಿಯದೋ ಅಥವಾ ಹೊರಗಿನ ಕಚ್ಚಾಮಾಲು ಸೇರಿದೆಯೋ, ಸೇರಿದ್ದರೆ ಮೌಲ್ಯದ ಲೆಕ್ಕ ಹೇಗೆ ಬಂತು ಎಂಬ ಮಾಹಿತಿಯನ್ನು ಆಮದುದಾರ ಗೊತ್ತುಪಡಿಸಿದ ನಮೂನೆಯಲ್ಲಿ ಮೊದಲೇ ಸಂಗ್ರಹಿಸಿರಬೇಕು. ಅದನ್ನು ಐದು ವರ್ಷ ಕಾದಿಡಬೇಕು. ಅಧಿಕಾರಿ ಕೇಳಿದರೆ ಕೆಲಸದ 10 ದಿನಗಳೊಳಗೆ ಒಪ್ಪಿಸಬೇಕು. ಉತ್ತರ ತೃಪ್ತಿಕರವಲ್ಲದಿದ್ದರೆ ರಫ್ತು ದೇಶದ ಅಧಿಕಾರಿಗಳಿಂದ ಪರಿಶೀಲನೆ ಕೋರಲಾಗುತ್ತದೆ. ಒಪ್ಪಂದದಲ್ಲಿ ಕಾಲಾವಧಿ ಹೇಳಿರದಿದ್ದರೆ ಅದಕ್ಕೆ 60 ದಿನ. ಅಷ್ಟರವರೆಗೆ ರಿಯಾಯಿತಿಯನ್ನು ತಡೆಹಿಡಿಯಬಹುದು. ಸುಂಕದ ವ್ಯತ್ಯಾಸಕ್ಕೆ ಭದ್ರತೆ ಪಡೆದು ಮಾಲನ್ನು ಬಿಡಬಹುದು. ಒಬ್ಬ ರಫ್ತುದಾರನ ಮಾಲು ಮೂಲದ ಪರೀಕ್ಷೆಯಲ್ಲಿ ಸೋತರೆ ಅದೇ ರಫ್ತುದಾರನ ಅದೇ ಬಗೆಯ ಮಾಲಿಗೆ ಮತ್ತೆ ಪ್ರತ್ಯೇಕ ಪರಿಶೀಲನೆ ಇಲ್ಲದೆಯೇ ರಿಯಾಯಿತಿ ನಿರಾಕರಿಸಲೂ ಅವಕಾಶವಿದೆ. ಈ ಕೊನೆಯ ಅಂಶ ಹೆಚ್ಚು ಪರಿಣಾಮಕಾರಿ ಎನ್ನಬಹುದು. ಒಂದು ಚೀಲದ ಸುಳ್ಳಿಗೆ ಮುಂದಿನ ಹಡಗೂ ಬೆಲೆ ತೆರುತ್ತದೆ.

ಪ್ರಾಮಾಣಿಕ ಆಮದುದಾರರಿಗೆ ಇದರಿಂದ ಕೆಲಸ ಹೆಚ್ಚಿತೆಂಬುದೂ ನಿಜ. ಹೊರದೇಶದ ವ್ಯಾಪಾರಿ ತನ್ನ ಖರ್ಚಿನ ಗುಟ್ಟನ್ನು ಕೊಳ್ಳುವವನಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. 'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೇನು' ಎಂಬ ಹಳೆಯ ಗಾದೆ ಅವರಿಗೆ ಈಗ ಚೆನ್ನಾಗಿ ಅರ್ಥವಾಗಿರಬೇಕು.

2025ರ ಬದಲಾವಣೆ

2025ರ ಮಾರ್ಚಿಯಲ್ಲಿ ಈ ನಿಯಮಗಳಲ್ಲಿ 'ಮೂಲ ಪ್ರಮಾಣಪತ್ರ' ಎಂಬ ಮಾತಿನ ಬದಲು 'ಮೂಲದ ಪುರಾವೆ' ಎಂಬ ಮಾತನ್ನು ಸೇರಿಸಲಾಯಿತು. ಒಂದು ಪದ ಬದಲಾದರೆ ಏನಾಯಿತು ಎನಿಸಬಹುದು. ಪ್ರಮಾಣಪತ್ರವೆಂದರೆ ಸರ್ಕಾರ ಅಥವಾ ಅದು ನೇಮಿಸಿದ ಸಂಸ್ಥೆ ಮುದ್ರೆ ಹಾಕಿ ಕೊಟ್ಟದ್ದು. ಪುರಾವೆಯೆಂದರೆ ಅಂಥ ಪತ್ರವೂ ಆಗಬಹುದು, ಒಪ್ಪಂದ ಅನುಮತಿಸಿದಲ್ಲಿ ರಫ್ತುದಾರ ತಾನೇ ಬರೆದುಕೊಟ್ಟ ಘೋಷಣೆಯೂ ಆಗಬಹುದು. ಹೊಸ ಒಪ್ಪಂದಗಳಲ್ಲಿ ಸ್ವಯಂಘೋಷಣೆಗೆ ಎಡೆ ಕೊಡುತ್ತಿರುವುದರಿಂದ ಈ ಬದಲಾವಣೆ ಬೇಕಾಯಿತು. ಸ್ವಿಟ್ಜರ್‌ಲ್ಯಾಂಡ್, ನಾರ್ವೆ, ಐಸ್‌ಲ್ಯಾಂಡ್, ಲಿಕ್ಟೆನ್‌ಸ್ಟೈನ್ ಈ ನಾಲ್ಕು ದೇಶಗಳೊಡನೆ 2024ರ ಮಾರ್ಚಿಯಲ್ಲಿ ಸಹಿಯಾಗಿ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಒಪ್ಪಂದ ಅಂಥದು.

ಮುದ್ರೆಯ ಕಾಗದವೇ ನಂಬಲು ಕಷ್ಟವಾಗಿದ್ದಾಗ ಸ್ವಂತ ಘೋಷಣೆಯನ್ನು ನಂಬುವುದು ಹೇಗೆಂದು ಬೆಳೆಗಾರರು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಆದರೆ ಮುದ್ರೆ ಹಾಕುವ ಅಧಿಕಾರಿಯೂ ತೋಟ ನೋಡಿ ಬರುವುದು ಅಪರೂಪ. ಮುದ್ರೆಯಾಗಲಿ ಸಹಿಯಾಗಲಿ, ಅದರ ಹಿಂದಿನ ದಾಖಲೆಯನ್ನು ಕೇಳುವ ಅಧಿಕಾರ ಬಂದರಿನಲ್ಲಿ ಉಳಿದಿದೆಯೇ ಎಂಬುದೇ ಮುಖ್ಯ. ಆ ಅಧಿಕಾರ ಉಳಿದಿದೆ. ಅದನ್ನು ಎಷ್ಟು ಮಟ್ಟಿಗೆ ಬಳಸುತ್ತಾರೆಂಬುದರ ಮೇಲೆ ಫಲ ನಿಂತಿದೆ.

ಅಡಿಕೆಯ ಸಂಗತಿ

ಅಡಿಕೆಗೆ ಸಾಮಾನ್ಯ ಆಮದು ಸುಂಕ ನೂರಕ್ಕೆ 100. ಇಷ್ಟು ಎತ್ತರದ ಗೋಡೆ ಇದ್ದಾಗ ಸುಂಕರಹಿತ ದೇಶದ ಹೆಸರು ಪಡೆಯುವ ಆಸೆಯೂ ಅಷ್ಟೇ ದೊಡ್ಡದು. ಇಂಡೋನೇಷ್ಯಾ, ಮ್ಯಾನ್ಮಾರ್‌ಗಳಲ್ಲಿ ಬೆಳೆದ ಅಡಿಕೆ ನೆರೆದೇಶಗಳ ಹೆಸರಿನಲ್ಲಿ ಬರುತ್ತಿದೆಯೆಂಬ ದೂರು ಹಳೆಯದು. 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕೆ.ಜಿ.ಗೆ 251 ರೂಪಾಯಿಯಿಂದ 351ಕ್ಕೆ ಏರಿಸಲಾಯಿತು.

ಆಮೇಲೆ ಬಂದದ್ದು ಹುರಿದ ಅಡಿಕೆ. ಒಣ ಅಡಿಕೆ 0802ರ ಶೀರ್ಷಿಕೆಯಲ್ಲಿದ್ದರೆ ಹುರಿದದ್ದು 2008ರ ಶೀರ್ಷಿಕೆಗೆ ಸೇರುತ್ತದೆಂದು ಆಮದುದಾರರು ವಾದಿಸಿದರು. ಆ ಶೀರ್ಷಿಕೆಗೆ ಮೊದಲು ಸುಂಕ ಕಡಿಮೆ ಇತ್ತು, ಕನಿಷ್ಠ ಬೆಲೆಯ ಕಟ್ಟೂ ಇರಲಿಲ್ಲ. ಜೊತೆಗೆ ಬಾಣಲೆಗೆ ಹಾಕಿ ತೆಗೆದ ಮಾತ್ರಕ್ಕೆ ನಾಲ್ಕು ಅಂಕಿಯ ಶೀರ್ಷಿಕೆಯೂ ಬದಲಾದಂತೆ! 2025ರ ಏಪ್ರಿಲ್‌ನಲ್ಲಿ ಹುರಿದ ಅಡಿಕೆಗೂ 351 ರೂಪಾಯಿಯ ಮಿತಿಯನ್ನು ವಿಸ್ತರಿಸಲಾಯಿತು. ವನಸ್ಪತಿಯ ಕಾಲದಲ್ಲಿ ಕಾರ್ಖಾನೆಯಾದರೂ ಕಟ್ಟಬೇಕಿತ್ತು. ಇಲ್ಲಿ ಒಲೆ ಹಚ್ಚಿದರೆ ಸಾಕು ಎಂಬಂತಾಗಿತ್ತು.

ಸಂಖ್ಯೆಗಳ ಪಟ್ಟಿಯೂ ಆಗಾಗ ಬದಲಾಗುತ್ತದೆ. 2012ರ ಪರಿಷ್ಕರಣೆಯಲ್ಲಿ ಅಡಿಕೆಗೆ 0802.80 ಎಂಬ ಸ್ವಂತ ಸಂಖ್ಯೆ ಸಿಕ್ಕಿತು. ಅದಕ್ಕೆ ಮೊದಲು ಅದು ಇತರ ಬೀಜಗಳ ಗುಂಪಿನಲ್ಲಿತ್ತು. 2022ರಲ್ಲಿ ಪಟ್ಟಿ ಮತ್ತೆ ಪರಿಷ್ಕೃತವಾಯಿತು. ಹಳೆಯ ಒಪ್ಪಂದಗಳನ್ನು ಹಳೆಯ ಸಂಖ್ಯೆಗಳಲ್ಲಿ ಬರೆದಿರುವುದರಿಂದ ಎರಡನ್ನೂ ಹೊಂದಿಸುವ ಕೆಲಸ ನಡೆಯುತ್ತಲೇ ಇರಬೇಕಾಗುತ್ತದೆ. ಹೊಂದಿಸುವಾಗ ಒಂದು ಸಾಲು ತಪ್ಪಿದರೆ ಸುಂಕವೇ ತಪ್ಪುತ್ತದೆ.

ಮಾತುಕತೆಯ ಮೇಜಿನಲ್ಲಿ

ಆಸಿಯಾನ್ ಒಪ್ಪಂದವನ್ನು ಪುನರ್ವಿಮರ್ಶಿಸಲು 2023ರ ಆಗಸ್ಟಿನಲ್ಲಿ ಇಂಡೋನೇಷ್ಯಾದ ಸೆಮರಾಂಗ್‌ನಲ್ಲಿ ಸೇರಿದ ಮಂತ್ರಿಗಳು ಒಪ್ಪಿ, 2025ರೊಳಗೆ ಮುಗಿಸುವ ಗುರಿ ಇಟ್ಟುಕೊಂಡರು. ಮೂಲದ ನಿಯಮಗಳು ಅದರ ಮುಖ್ಯ ವಿಷಯಗಳಲ್ಲೊಂದು. ಈ ಒಪ್ಪಂದದಲ್ಲಿ ಎಲ್ಲ ಸರಕಿಗೂ ಒಂದೇ ಅಳತೆ. ಮೆಣಸಿನ ಪುಡಿಗೂ ಯಂತ್ರದ ಬಿಡಿಭಾಗಕ್ಕೂ ಅದೇ ನೂರಕ್ಕೆ 35, ಅದೇ ಉಪಶೀರ್ಷಿಕೆ. ಸರಕಿಗೊಂದು ನಿಯಮವಿದ್ದರೆ ಮೆಣಸಿನ ಪುಡಿಯೂ ಆಯಾ ದೇಶದ ಕಾಳಿನಿಂದಲೇ ಆಗಬೇಕೆಂದು ಸ್ಪಷ್ಟವಾಗಿ ಬರೆಯಬಹುದು. ನಡುವಿನ ದೇಶವೊಂದು ಮೊದಲ ಪತ್ರದ ಆಧಾರದ ಮೇಲೆ ಎರಡನೆಯ ಪತ್ರ ಕೊಡುವ ಪದ್ಧತಿಯೂ ಇದರಲ್ಲಿದೆ. ಪತ್ರಗಳ ಸರಪಳಿ ಉದ್ದವಾದಷ್ಟೂ ತೋಟ ಕಣ್ಣಿಗೆ ದೂರವಾಗುತ್ತದೆ.

ಶ್ರೀಲಂಕಾದೊಡನೆ ಹೆಚ್ಚು ವಿಶಾಲವಾದ ಒಪ್ಪಂದಕ್ಕಾಗಿ 2016ರಲ್ಲಿ ಮಾತುಕತೆ ಆರಂಭವಾಗಿ 2018ರಲ್ಲಿ ನಿಂತಿತು. 2023ರಲ್ಲಿ ಮತ್ತೆ ಶುರುವಾಯಿತು. ಶ್ರೀಲಂಕಾದ ಬೆಳೆಗಾರನ ನಿಜವಾದ ಮೆಣಸಿಗೆ ಬಾಗಿಲು ತೆರೆದಿಡುವುದರಲ್ಲಿ ತಪ್ಪಿಲ್ಲ. ನೆರೆಯವನ ಹೆಸರಿನಲ್ಲಿ ಮೂರನೆಯವನು ನುಗ್ಗದಂತೆ ನೋಡಿಕೊಳ್ಳುವುದೇ ಕೇಳಬೇಕಾದ ವಿಷಯ. ಬೆಳೆಗಾರರ ಸಂಘಗಳು ಮನವಿ ಬರೆಯುವಾಗ 'ಆಮದು ನಿಲ್ಲಿಸಿ' ಎಂದಷ್ಟೇ ಬರೆಯುವುದಕ್ಕಿಂತ ಯಾವ ಸಂಖ್ಯೆಯ ಸರಕು, ಯಾವ ಒಪ್ಪಂದ, ಯಾವ ನಿಯಮ ಸಡಿಲವಾಗಿದೆ ಎಂದು ತಿಳಿಸಿದರೆ ಅದಕ್ಕೆ ತೂಕ ಬರುತ್ತದೆ.

ಬೆಳೆಗಾರರು ಇಡಬೇಕಾದ ದಾಖಲೆ

ಇದೇ ನಿಯಮಗಳು ಹೊರಹೋಗುವ ಮಾಲಿಗೂ ಅನ್ವಯಿಸುತ್ತವೆ. ಕೊಡಗಿನ ಮೆಣಸನ್ನಾಗಲಿ ಕಾಫಿಯನ್ನಾಗಲಿ ರಿಯಾಯಿತಿ ಸುಂಕದಲ್ಲಿ ಕೊಳ್ಳುವ ದೇಶ ಅದು ಭಾರತದ ನೆಲದ್ದೇ ಎಂಬುದಕ್ಕೆ ಪುರಾವೆ ಕೇಳುತ್ತದೆ. ಪ್ರಮಾಣಪತ್ರ ಬೇಕಾದಲ್ಲಿ ರಫ್ತುದಾರರು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಆನ್‌ಲೈನ್ ವ್ಯವಸ್ಥೆಯ ಮೂಲಕ ಅರ್ಜಿ ಹಾಕುತ್ತಾರೆ. ರಫ್ತು ತಪಾಸಣಾ ಮಂಡಳಿ ಮೊದಲಾದ ಸಂಸ್ಥೆಗಳು ಪತ್ರ ಕೊಡುತ್ತವೆ. ಸ್ವಯಂಘೋಷಣೆಯಾದರೆ ರಫ್ತುದಾರನ ಸಹಿಯೇ ಸಾಕು. ಆದರೆ ನಾಳೆ ಪರಿಶೀಲನೆಗೆ ಬಂದರೆ ಅವನು ಮಾಲು ಕೊಟ್ಟ ರೈತನ ಹೆಸರು ಹೇಳಲೇಬೇಕು.

ಆದುದರಿಂದ ರಫ್ತಿಗೆ ಮಾಲು ಕೊಡುವ ಬೆಳೆಗಾರರೂ ಉತ್ಪಾದಕರ ಕಂಪನಿಗಳೂ ಒಂದು ಪುಸ್ತಕವನ್ನು ಇಟ್ಟಿರುವುದು ಒಳ್ಳೆಯದು. ಅದರಲ್ಲಿ ತೋಟದ ಸರ್ವೆ ನಂಬರು, ಮೆಣಸು ಹಬ್ಬಿದ ಮರಗಳ ಅಂದಾಜು ಸಂಖ್ಯೆ, ಕೊಯ್ದ ತಾರೀಕು, ಹಸಿ ತೂಕ, ಒಣಗಿದ ಮೇಲಿನ ತೂಕ, ಚೀಲಗಳ ಗುರುತು, ಯಾರಿಗೆ ಯಾವಾಗ ಕೊಟ್ಟದ್ದು ಎಂಬ ವಿವರಗಳಿರಲಿ. ಮಾರಾಟದ ಬಿಲ್ಲುಗಳನ್ನು ಕನಿಷ್ಠ ಐದು ವರ್ಷ ಜೋಪಾನ ಮಾಡಬೇಕು. ಹೊರಗಿನಿಂದ ಕೊಂಡ ಕಾಳನ್ನು ಸ್ವಂತ ರಾಶಿಗೆ ಸೇರಿಸಬಾರದು. ಕೊಂಡದ್ದೇ ಆದರೆ ಬೇರೆ ಕಣದಲ್ಲಿ ಒಣಗಿಸಿ, ಬೇರೆ ಗುರುತಿನ ಚೀಲದಲ್ಲಿ ತುಂಬಿ, ಪುಸ್ತಕದ ಬೇರೆ ಪುಟದಲ್ಲಿ ಬರೆದಿಡತಕ್ಕದ್ದು. ವಿಸ್ತರಣಾ ಕಾರ್ಯಕರ್ತರು ಈ ಪುಸ್ತಕದ ಮಾದರಿ ಪುಟವೊಂದನ್ನು ಸಿದ್ಧಪಡಿಸಿ, ಮೆಣಸಿನ ಕೊಯ್ಲು ಆರಂಭವಾಗುವ ಮೊದಲೇ ಗ್ರಾಮದ ಸಭೆಗಳಲ್ಲಿ ಹಂಚಿದರೆ ಅನುಕೂಲವಾಗುವುದು.